ಜಿಡಬ್ಲ್ಯು190521

ಜಿಡಬ್ಲ್ಯು190521 ಎಂಬುದು ಎರಡು ಕಪ್ಪು ಕುಳಿಗಳ ವಿಲೀನದಿಂದ ಉಂಟಾದ ಗುರುತ್ವ ಅಲೆಯ ಸಂಕೇತ. ಇದು 2019ರ ಮೇ 21ರಂದು ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್‌ಗಳಲ್ಲಿರುವ ಲೈಗೋ ಶೋಧಕಗಳಲ್ಲಿಯೂ ಇಟಲಿಯ ಪೀಸಾ ಬಳಿಯ ವರ್ಗೋ ಶೋಧಕದಲ್ಲಿಯೂ ದಾಖಲಾಯಿತು. ಹೆಸರಿನಲ್ಲಿರುವ ಅಂಕಿಗಳು ವರ್ಷ, ತಿಂಗಳು ಹಾಗೂ ದಿನವನ್ನು ಸೂಚಿಸುತ್ತವೆ. ಈ ವಿಲೀನವು ಒಂದು ಗ್ಯಾಲಕ್ಸಿಯ ಕೇಂದ್ರದಲ್ಲಿರುವ ಬೃಹತ್ ಕಪ್ಪು ಕುಳಿಯ ಸಮೀಪದಲ್ಲಿ ನಡೆದಿರಬಹುದೆಂಬ ವಾದವಿದ್ದು, ಅದು ಇನ್ನೂ ದೃಢಪಟ್ಟಿಲ್ಲ.

ಸಂಕೇತ ಮತ್ತು ದ್ರವ್ಯರಾಶಿ

ಸಂಕೇತವು ಸುಮಾರು 0.1 ಸೆಕೆಂಡು ಮಾತ್ರ ಇತ್ತು. 2020ರ ಸೆಪ್ಟೆಂಬರ್ 2ರಂದು ಪ್ರಕಟವಾದ ವಿಶ್ಲೇಷಣೆಯಂತೆ, ಸೂರ್ಯನ ಸುಮಾರು 85 ಮತ್ತು 66 ಪಟ್ಟು ದ್ರವ್ಯರಾಶಿಯ ಕಪ್ಪು ಕುಳಿಗಳು ಕೂಡಿ ಸುಮಾರು 142 ಪಟ್ಟು ದ್ರವ್ಯರಾಶಿಯ ಒಂದು ಕಪ್ಪು ಕುಳಿಯಾಯಿತು. ಉಳಿದ ದ್ರವ್ಯರಾಶಿಯು ಗುರುತ್ವ ಅಲೆಗಳ ಶಕ್ತಿಯಾಗಿ ಹೊರಬಿದ್ದಿತು. ಸೂರ್ಯನ 100ರಿಂದ 1,00,000 ಪಟ್ಟು ತೂಗುವ ಮಧ್ಯಮ ಗಾತ್ರದ ಕಪ್ಪು ಕುಳಿಯೊಂದು ಹುಟ್ಟಿದ್ದಕ್ಕೆ ಇದು ಮೊದಲ ಸ್ಪಷ್ಟ ಪುರಾವೆ.

ಉಗಮದ ಪ್ರಶ್ನೆ

ಅತಿ ಭಾರದ ಕೆಲವು ನಕ್ಷತ್ರಗಳ ಒಡಲಿನಲ್ಲಿ ಗ್ಯಾಮಾ ಕಿರಣಗಳು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳಾಗಿ ಮಾರ್ಪಡುತ್ತವೆ. ಆಗ ಒತ್ತಡ ಕುಗ್ಗಿ ನಕ್ಷತ್ರವು ಕುಸಿಯತೊಡಗುತ್ತದೆ. ಬಳಿಕ ಏನನ್ನೂ ಉಳಿಸದೆ ಸಿಡಿದುಹೋಗುತ್ತದೆ. ಆದ್ದರಿಂದ ಸೂರ್ಯನ ಸುಮಾರು 65ರಿಂದ 120 ಪಟ್ಟು ದ್ರವ್ಯರಾಶಿಯ ಕಪ್ಪು ಕುಳಿಯು ನಕ್ಷತ್ರದ ಕುಸಿತದಿಂದ ನೇರವಾಗಿ ಹುಟ್ಟಲಾರದೆಂದು ಸಿದ್ಧಾಂತವು ಹೇಳುತ್ತದೆ. 85 ಪಟ್ಟು ತೂಗುವ ಕುಳಿಯು ಈ ವ್ಯಾಪ್ತಿಯೊಳಗೆ ಬರುವುದರಿಂದ, ಅದು ಹಿಂದಿನ ವಿಲೀನವೊಂದರ ಫಲವಾಗಿರಬಹುದೆಂದು ಊಹಿಸಲಾಗಿದೆ.

ವಿಲೀನದ ವೇಳೆ ಅಲೆಗಳು ಎಲ್ಲ ದಿಕ್ಕಿಗೂ ಸಮನಾಗಿ ಹೊಮ್ಮದಿದ್ದರೆ ಹೊಸ ಕಪ್ಪು ಕುಳಿಗೆ ಹಿಮ್ಮೆಟ್ಟು ದೊರೆಯುತ್ತದೆ. ಸಣ್ಣ ನಕ್ಷತ್ರಗುಚ್ಛದಿಂದ ಅದು ಹೊರಗೆ ಚಿಮ್ಮಿಹೋಗಬಹುದು. ಬೃಹತ್ ಕಪ್ಪು ಕುಳಿಯ ಪ್ರಬಲ ಗುರುತ್ವದಿಂದ ಪಾರಾಗುವುದು ಕಷ್ಟ. ಅಲ್ಲದೆ, ಬೃಹತ್ ಕುಳಿಯನ್ನು ಸುತ್ತುವ ಅನಿಲದ ತಟ್ಟೆಯು ಸಣ್ಣ ಕಪ್ಪು ಕುಳಿಗಳ ಚಲನೆಯನ್ನು ತಗ್ಗಿಸಿ ಅವುಗಳನ್ನು ಒಂದೆಡೆ ಸೇರಿಸಬಲ್ಲದು. ಹೀಗಾಗಿ ಅಲ್ಲಿ ಮರುವಿಲೀನಗಳಿಗೆ ಅವಕಾಶ ಹೆಚ್ಚು.

ಬೆಳಕಿನ ಸುಳಿವು

ಸಾಮಾನ್ಯವಾಗಿ ಕಪ್ಪು ಕುಳಿಗಳ ವಿಲೀನದಿಂದ ಬೆಳಕು ಹೊರಡುವುದಿಲ್ಲ. ಅನಿಲದ ನಡುವೆ ವಿಲೀನ ನಡೆದರೆ, ಹಿಮ್ಮೆಟ್ಟಿದ ಕುಳಿಯು ಅನಿಲವನ್ನು ಕಾಯಿಸಿ ಬೆಳಗಿಸಬಹುದು. ಕ್ಯಾಲಿಫೋರ್ನಿಯಾದ ಪಾಲೋಮಾರ್ ವೀಕ್ಷಣಾಲಯದ ಜ್ವಿಕಿ ಸಮೀಕ್ಷೆಯು, ಸಂಕೇತ ಬಂದ ಸುಮಾರು 34 ದಿನಗಳ ಬಳಿಕ ಸಕ್ರಿಯ ಗ್ಯಾಲಕ್ಸಿ ಕೇಂದ್ರವೊಂದು ಪ್ರಕಾಶಮಾನವಾದುದನ್ನು ದಾಖಲಿಸಿತ್ತು. ಮ್ಯಾಥ್ಯೂ ಗ್ರಹಾಂ ನೇತೃತ್ವದ ತಂಡವು 2020ರ ಜೂನ್‌ನಲ್ಲಿ ಇದನ್ನು ವಿಲೀನದೊಂದಿಗೆ ಜೋಡಿಸಿತು.

ಭಿನ್ನಾಭಿಪ್ರಾಯ

ಆ ಗ್ಯಾಲಕ್ಸಿಯ ಕೆಂಪು ಪಲ್ಲಟ ಸುಮಾರು 0.44, ಗುರುತ್ವ ಅಲೆಯ ವಿಶ್ಲೇಷಣೆಯಿಂದ ದೊರೆತ ಅಂದಾಜು ಸುಮಾರು 0.82, ಅಂದರೆ ಇನ್ನೂ ದೂರ. ಸಕ್ರಿಯ ಕೇಂದ್ರಗಳ ಪ್ರಕಾಶವು ತಾನಾಗಿಯೇ ಏರಿಳಿಯುವುದೂ ಉಂಟು. ಸಂಕೇತದ ಮೂಲವು ಆಕಾಶದ ನೂರಾರು ಚದರ ಡಿಗ್ರಿ ವಿಸ್ತಾರದಲ್ಲಿ ಎಲ್ಲಿಯಾದರೂ ಇರಬಹುದಾದ್ದರಿಂದ ಕಾಕತಾಳೀಯ ಹೊಂದಾಣಿಕೆಯನ್ನು ಅಲ್ಲಗಳೆಯಲಾಗದು. ದೂರದೂರದಲ್ಲಿ ಹೆಚ್ಚು ಶೋಧಕಗಳಿದ್ದಷ್ಟೂ ಈ ವಿಸ್ತಾರ ಕಿರಿದಾಗುತ್ತದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಸ್ಥಾಪಿಸಲು 2023ರಲ್ಲಿ ಭಾರತ ಸರ್ಕಾರ ಅನುಮೋದಿಸಿದ ಲೈಗೋ–ಇಂಡಿಯಾ ಯೋಜನೆಯ ಮುಖ್ಯ ಉದ್ದೇಶಗಳಲ್ಲಿ ಇದೂ ಒಂದು.