ಹತ್ತಿಕಾಳು ಪೊಟ್ಟಣ ಸೇರಿದ್ದು

1998ರ ನವೆಂಬರ್‌ನಲ್ಲಿ ಸಿಂಧನೂರು ಸೀಮೆಯ ಹೊಲವೊಂದರಲ್ಲಿ ಪ್ರಯೋಗಕ್ಕೆ ಬೆಳೆದಿದ್ದ ಕುಲಾಂತರಿ ಬಿ.ಟಿ. ಹತ್ತಿಯನ್ನು ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಕಿತ್ತು ಸುಟ್ಟಿತು. 2002ರ ಮಾರ್ಚ್‌ನಲ್ಲಿ ಅದೇ ಹತ್ತಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿತು. ಅಂದಿನಿಂದಲೂ ನಮ್ಮ ವಾದವೆಲ್ಲ ಜೀನಿನ ಸುತ್ತಲೇ ನಡೆದಿದೆ. ಆದರೆ ರೈತನ ಕೈಯಿಂದ ಬೀಜ ಜಾರಿದ್ದು ಅದಕ್ಕೂ ಮೂವತ್ತು ವರ್ಷ ಹಿಂದೆ. ಜಯಧರದಂಥ ತಳಿಯ ಕಾಳನ್ನು ಎರೆಹೊಲದವರು ಉಳಿಸಿಕೊಂಡು ಮುಂದಿನ ವರ್ಷ ಬಿತ್ತಬಹುದಿತ್ತು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ಯನ್ನು ತಂದರು. ಉದ್ದನೆಯ, ನಯವಾದ ಎಳೆ, ಕೈತುಂಬ ಇಳುವರಿ. ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಸಂಕರದ ಕಾಳನ್ನು ಮರಳಿ ಬಿತ್ತಿದರೆ ಗುಣ ಚದುರುತ್ತದೆ, ಹಾಗಾಗಿ ಪ್ರತಿವರ್ಷ ಬೀಜ ಕೊಳ್ಳಬೇಕು. ಬಿ.ಟಿ. ಜೀನ್ ಬಂದಾಗ ಕೂತದ್ದು ಇಂಥ ಸಂಕರಗಳ ಮೇಲೆಯೇ. ಅದರ ಲಾಭ, ಅಪಾಯ ಎರಡನ್ನೂ ಅಳೆಯಬೇಕಾದದ್ದು ಇಲ್ಲಿಂದ.

ಲಾಭವನ್ನು ಅಲ್ಲಗಳೆಯಲಾಗದು. ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದ ಆ ಜೀನ್ ಹಸಿರು ಕಾಯಿಕೊರಕವನ್ನು ತಡೆಯಿತು, ಮೊದಲ ವರ್ಷಗಳಲ್ಲಿ ಅದಕ್ಕಾಗಿ ಹೊಡೆಯುವ ಔಷಧಿ ಕಡಿಮೆಯಾಯಿತು. ದೇಶದ ಹತ್ತಿ ಉತ್ಪಾದನೆಯೂ ಏರಿತು. ಏರಿಕೆಯಲ್ಲಿ ನೀರಾವರಿ, ಗೊಬ್ಬರಗಳ ಪಾಲೂ ಇತ್ತು. ಎಡವಿದ್ದು ಗುಲಾಬಿ ಕಾಯಿಕೊರಕದ ವಿಷಯದಲ್ಲಿ. ಹಸಿರು ಹುಳು ತೊಗರಿ, ಕಡಲೆಯಲ್ಲೂ ಬದುಕುವುದರಿಂದ ಬಿ.ಟಿ. ವಿಷ ಮುಟ್ಟದ ಹುಳುಗಳು ಉಳಿದು, ನಿರೋಧಕ ಹುಳುಗಳೊಡನೆ ಕೂಡಿ ಆ ಗುಣ ಹರಡುವುದನ್ನು ತಡೆಯುತ್ತಿದ್ದವು. ಗುಲಾಬಿ ಹುಳುವಿಗೆ ಹೆಚ್ಚುಕಡಿಮೆ ಹತ್ತಿಯೊಂದೇ ಗತಿ. ಹೊಲವೆಲ್ಲ ಬಿ.ಟಿ. ಆದಾಗ ನಿರೋಧಕ ಹುಳುಗಳಷ್ಟೇ ಸಂತಾನ ಬೆಳೆಸಿದವು. 2009ರ ಹೊತ್ತಿಗೆ ಗುಜರಾತಿನಲ್ಲಿ ಮೊದಲ ಜೀನ್ ಸೋತಿತು, ಐದಾರು ವರ್ಷಗಳಲ್ಲಿ ಅದರ ಜೊತೆಗೆ ಸೇರಿಸಿದ್ದ ಎರಡನೆಯ ಜೀನೂ ಸೋತಿತು. ಹೊಲದಂಚಿಗೆ ಬಿ.ಟಿ. ಅಲ್ಲದ ಆಶ್ರಯ ಸಾಲು ಹಾಕದ ರೈತರದೇ ತಪ್ಪು ಎನ್ನುವವರಿದ್ದಾರೆ. ಸಾಲ ತಂದು ಬಿತ್ತುವವನಿಗೆ ಐದರಲ್ಲೊಂದು ಪಾಲನ್ನು ಹುಳುವಿಗೆ ಬಿಡು ಎನ್ನುವ ನಿಯಮ ಹೊಲದಲ್ಲಿ ನಿಲ್ಲದೆಂದು ನಿಯಮ ಮಾಡಿದವರು ಮೊದಲೇ ಅರಿಯಬೇಕಿತ್ತು.

ಬೇರೆ ದಾರಿಯೂ ಇತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಸೇರಿ ಬಿಕಾನೇರಿ ನರ್ಮಾ ತಳಿಗೆ ಬಿ.ಟಿ. ಜೀನ್ ಸೇರಿಸಿದ್ದವು. ಸಂಕರವಲ್ಲದ್ದರಿಂದ ಆ ಕಾಳನ್ನು ಉಳಿಸಿ ಬಿತ್ತಬಹುದಿತ್ತು. 2009ರಲ್ಲಿ ಮಾರುಕಟ್ಟೆಗೆ ಬಂದ ಬೀಜದಲ್ಲಿ ಖಾಸಗಿ ಕಂಪನಿಯ ಜೀನ್ ಬೆರೆತದ್ದು ಬಯಲಾಗಿ ಮಾರಾಟ ನಿಂತಿತು. ಸಾರ್ವಜನಿಕ ಸಂಸ್ಥೆಗಳು ಅಂಥ ತಳಿಗಳನ್ನು ಮತ್ತೆ ತರುವಷ್ಟರಲ್ಲಿ ಗುಲಾಬಿ ಹುಳು ಆ ಜೀನನ್ನು ಗೆದ್ದಾಗಿತ್ತು.