ಚಿಪ್ಪುಮೀನಿನ ವಿಷಪರೀಕ್ಷೆ

ರೂಪದಿಂದಲೂ ರಸದಿಂದಲೂ ಗಂಧದಿಂದಲೂ ಗೊತ್ತಾಗದ ವಿಷವನ್ನು ಅರಿಯುವುದು ಹೇಗೆ? ಈ ಪ್ರಶ್ನೆಗೆ ಸಮರ್ಪಕವಾದ ಉತ್ತರವು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ದೊರೆಯಿತು. ಅದು ದೊರೆಯುವ ಮುನ್ನ ಅನೇಕರ ಪ್ರಾಣಹಾನಿಯಾಯಿತು.

1793ನೆಯ ಇಸವಿ ಜೂನ್ 15ರಂದು ವ್ಯಾಂಕೂವರನೆಂಬ ಆಂಗ್ಲ ನಾವಿಕನ ಪರಿವಾರದವರು ಆ ಕರಾವಳಿಯ ಉತ್ತರಭಾಗದಲ್ಲಿ, ಬಂಡೆಗಳಿಗಂಟಿ ಬೆಳೆಯುವ ಚಿಪ್ಪುಮೀನನ್ನು ತಿಂದರು. ಇದು ತುಳುನಾಡಿನವರು ಪಚ್ಚಿಲೆಯೆಂದು ಕರೆಯುವುದರ ಕುಲಕ್ಕೆ ಸೇರಿದುದು. ಕೆಲವರ ತುಟಿ ಬೆರಳುಗಳು ಜೋಮುಹಿಡಿದುವು; ಜಾನ್ ಕಾರ್ಟರನೆಂಬವನು ಅಂದೇ ಮೃತನಾದನು. ವ್ಯಾಂಕೂವರನು ಆ ತಾಣಕ್ಕೆ ವಿಷದ ಕೊಲ್ಲಿಯೆಂದು ಹೆಸರಿಟ್ಟನು. ವಿಷದ ಮೂಲವು ಮಾತ್ರ ತಿಳಿಯಲಿಲ್ಲ.

ಬೇಯಿಸುವ ಪಾತ್ರೆಯಲ್ಲಿಟ್ಟ ಬೆಳ್ಳಿಯು ಕಪ್ಪಾದರೆ ವಿಷವುಂಟೆಂದೂ, ಚೆನ್ನಾಗಿ ಕುದಿಸಿದರೆ ವಿಷವು ಅಳಿಯುವುದೆಂದೂ ಜನರು ನಂಬುತ್ತಿದ್ದರು. ಎರಡೂ ನಿರಾಧಾರವಾದ ನಂಬಿಕೆಗಳೇ. ಈ ವಿಷವು ಬೆಳ್ಳಿಯನ್ನು ಕಪ್ಪಾಗಿಸದು. ಅಡಿಗೆಯ ಬಿಸಿಗೆ ಅಳಿದುಹೋಗದು.

1927ನೆಯ ಇಸವಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಸುತ್ತಣ ಕರಾವಳಿಯಲ್ಲಿ 102 ಮಂದಿ ಇದೇ ವ್ಯಾಧಿಗೆ ಗುರಿಯಾದರು. ಅವರಲ್ಲಿ 6 ಮಂದಿ ತೀರಿಕೊಂಡರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹರ್ಮನ್ ಸಾಮರ್ ಮತ್ತು ಕಾರ್ಲ್ ಮೇಯರ್ ಎಂಬ ಪಂಡಿತರು ಶೋಧನೆಗೆ ತೊಡಗಿದರು. ಚಿಪ್ಪುಮೀನಿನ ಮಾಂಸದಿಂದ ಸಾರವನ್ನು ತೆಗೆದು, ಬಿಳಿಯ ಇಲಿಯ ಉದರಕ್ಕೆ ಸೂಜಿಯ ಮೂಲಕ ಸೇರಿಸಿ, ಅದು ಸಾಯುವವರೆಗಿನ ಕಾಲವನ್ನು ಎಣಿಸಿದರು. 20 ಗ್ರಾಂ ತೂಕದ ಇಲಿಯನ್ನು 15 ನಿಮಿಷಗಳಲ್ಲಿ ಕೊಲ್ಲುವಷ್ಟು ವಿಷವು ಒಂದು ಮಾನವಾಯಿತು. ಅದನ್ನು ಮೂಷಿಕಮಾನವೆನ್ನಬಹುದು.

ಅಳತೆಯು ಕೈಗೆ ಬಂದ ಮೇಲೆ ಕಾರಣವನ್ನು ಹುಡುಕುವುದು ಸಾಧ್ಯವಾಯಿತು. ತಾರ್ಕಿಕರ ಅನ್ವಯವ್ಯತಿರೇಕಗಳೇ ಇಲ್ಲಿಯೂ ದಾರಿ ತೋರಿದುವು. ಗೊನ್ಯಾಲಾಕ್ಸ್ ಎಂಬ ಸೂಕ್ಷ್ಮಪಾಚಿಯು ಸಮುದ್ರದಲ್ಲಿ ಹೆಚ್ಚಿದಾಗ ಚಿಪ್ಪುಮೀನಿನಲ್ಲಿ ವಿಷವು ಏರಿತು. ಪಾಚಿಯು ಕಣ್ಮರೆಯಾದ ಬಳಿಕ ಕ್ರಮೇಣ ಇಳಿಯಿತು. ಪಾಚಿಯ ಸಾರವೂ ಇಲಿಯನ್ನು ಅದೇ ರೀತಿಯಲ್ಲಿ ಕೊಂದಿತು. ಚಿಪ್ಪುಮೀನು ನೀರನ್ನು ಸೋಸಿ ಆಹಾರವನ್ನು ಪಡೆಯುವಾಗ ವಿಷವನ್ನೂ ಕೂಡಿಡುತ್ತದೆ. ಆದರೂ ತಾನು ಆರೋಗ್ಯವಾಗಿಯೇ ಕಾಣುತ್ತದೆ. ಈ ಸಂಗತಿಗಳು 1937ರಲ್ಲಿ ಪ್ರಕಟವಾದುವು. 1957ರಲ್ಲಿ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ವರದಿಯು ಬಂದಿತು. ಅದಕ್ಕೆ ಸ್ಯಾಕ್ಸಿಟಾಕ್ಸಿನ್ ಎಂದು ಹೆಸರಾಯಿತು. 100 ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ಮೀರಕೂಡದೆಂಬ ಮಿತಿಯು ಅನೇಕ ದೇಶಗಳಲ್ಲಿ ರೂಢಿಗೆ ಬಂದಿತು.

ಈ ವೃತ್ತಾಂತವು ಕೇವಲ ದೂರದೇಶದ್ದಲ್ಲ. 1983ರಲ್ಲಿ ಮಂಗಳೂರಿಗೆ ಸಮೀಪದ ಕುಂಬಳೆಯ ಅಳಿವೆಯಲ್ಲಿ ಹೆಕ್ಕಿದ ಮರುವಾಯಿಯನ್ನು ತಿಂದು ಹಲವರು ಅಸ್ವಸ್ಥರಾದರು; ಒಬ್ಬ ಬಾಲಕನು ಅಸುನೀಗಿದನು. ಅಲ್ಲಿಯೂ ವಿಷದ ನಿರ್ಣಯಕ್ಕೆ ಮೂಷಿಕಪರೀಕ್ಷೆಯೇ ನೆರವಾಯಿತು.

ಈಗ ಹಲವು ದೇಶಗಳಲ್ಲಿ ಇಲಿಯ ಸ್ಥಾನವನ್ನು ರಸಾಯನಶಾಸ್ತ್ರದ ಉಪಕರಣಗಳು ಪಡೆದಿವೆ. ಆದರೆ ಪರೀಕ್ಷೆಯ ಪ್ರಯೋಜನವು ಅಂದಿನದೇ. ಅಳತೆಯಿಲ್ಲದಿದ್ದರೆ ಅಳಿವೆಯ ಬಡವರು ಒಂದೋ ನಿರ್ಭಯದಿಂದ ತಿಂದು ಸಾಯಬೇಕು, ಇಲ್ಲವೇ ಭಯದಿಂದ ಜೀವನೋಪಾಯವನ್ನೇ ತೊರೆಯಬೇಕು. ಯಾವ ದಿನ ಹೆಕ್ಕಬಾರದು, ಯಾವ ದಿನ ಹೆಕ್ಕಬಹುದು ಎಂಬೆರಡನ್ನೂ ಹೇಳಬಲ್ಲುದು ಪರೀಕ್ಷೆಯೊಂದೇ.