ಯವನರ ಹಡಗು, ದ್ವೀಪಗಳ ಮಧು

ಕಾವೇರೀತೀರದ ನಮ್ಮ ಕಿರಂಗೂರಿನ ಹಿರಿಯರಿಗೆ ಜಲಯಾನವೆಂದರೆ ಹರಿಗೋಲು. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ಆ ಗುಂಡುಬುಟ್ಟಿಯಲ್ಲಿ ಕುಳಿತು ಈ ದಡದಿಂದ ಆ ದಡಕ್ಕೆ ಸೇರುವುದೇ ಅವರ ನೌಕಾಯಾತ್ರೆಯಾಗಿದ್ದಿತು. ಹಡಗನ್ನೇ ಮನೆಮಾಡಿಕೊಂಡು ತಿಂಗಳುಗಟ್ಟಲೆ ಬಾಳಿದ ಜನರ ವೃತ್ತಾಂತವು ಇಂಥ ಊರಿನವನಿಗೆ ಏತಕ್ಕೆಂದು ವಾಚಕರು ಕೇಳಬಹುದು. ಕಾರಣವುಂಟು. ಕ್ರಿ.ಶ. 2ನೆಯ ಶತಮಾನದ ಟಾಲೆಮಿಯು ತನ್ನ ಭೂಗೋಳದಲ್ಲಿ ಬೆರಿಲ್ ಎಂಬ ಹಸಿರುಕಲ್ಲು ದೊರೆಯುವ ‘ಪೌನ್ನಾಟ’ವನ್ನು ಹೆಸರಿಸಿರುವನು. ಇದು ಕಾವೇರೀ ಕಪಿಲಾ ನದಿಗಳ ಸೀಮೆಯ ಪುನ್ನಾಟವೆಂದು ಅನೇಕ ವಿದ್ವಾಂಸರ ಮತ. ನಮ್ಮ ನೆರೆನಾಡಿನ ಕಲ್ಲಿನ ವಾರ್ತೆಯು ಅಲೆಕ್ಸಾಂಡ್ರಿಯಾ ಪಟ್ಟಣವನ್ನು ಮುಟ್ಟಿತೆಂದ ಮೇಲೆ, ಅದನ್ನು ಒಯ್ದವರಾರು, ಪ್ರತಿಯಾಗಿ ತಂದುದೇನು ಎಂಬ ವಿಚಾರವು ಅಪ್ರಕೃತವಾಗಲಾರದು.

ಒಯ್ದವರು ಈಜಿಪ್ಟ್ ದೇಶದ ಯವನ ಸಾಂಯಾತ್ರಿಕರು. ಅವರಲ್ಲೊಬ್ಬನು ಕ್ರಿ.ಶ. 1ನೆಯ ಶತಮಾನದಲ್ಲಿ ಬರೆದಿಟ್ಟ ‘ಪೆರಿಪ್ಲಸ್’ ಎಂಬ ಸಮುದ್ರಮಾರ್ಗದರ್ಶಿಯು ಇಂದಿಗೂ ಉಳಿದಿರುವುದು. ಜುಲೈ ತಿಂಗಳಲ್ಲಿ ಕೆಂಪು ಸಮುದ್ರದ ರೇವನ್ನು ಬಿಟ್ಟು, ನೈರುತ್ಯ ಮಾರುತವನ್ನು ಬೆನ್ನಿಗೆ ಹಾಕಿಕೊಂಡು ಬರುತ್ತಿದ್ದರು. ಅರಬ್ಬೀ ತೀರದ ಕೊನೆಯ ರೇವಿನಿಂದ ಮುಸಿರಿ ಪಟ್ಟಣಕ್ಕೆ 40 ದಿನಗಳ ಪ್ರಯಾಣವೆಂದು ಪ್ಲಿನಿಯು ಹೇಳುತ್ತಾನೆ. ಕಡಲುಗಳ್ಳರ ಭಯದಿಂದ ಹಡಗಿನಲ್ಲಿ ಬಿಲ್ಲುಗಾರರ ಪಡೆಯೂ ಇರುತ್ತಿದ್ದಿತು. ಮುಸಿರಿಯಲ್ಲಿ ಹಡಗು ದಡದಿಂದ ದೂರದಲ್ಲಿಯೇ ಲಂಗರು ಹಾಕಬೇಕು. ಸರಕೆಲ್ಲವನ್ನೂ ಸಣ್ಣ ದೋಣಿಗಳಲ್ಲಿ ಸಾಗಿಸಬೇಕು. ಹಿಂದಿರುಗುವ ಗಾಳಿ ಬೀಸುವುದು ಮಾರ್ಗಶಿರ ಪುಷ್ಯಗಳ ವೇಳೆಗೆ. ಆದುದರಿಂದ ವರ್ಷದ ಬಹುಭಾಗವು ಇವರಿಗೆ ಹಲಗೆಯ ಮೇಲಣ ಸಂಸಾರವೇ ಸರಿ. ಕನ್ನಡ ಕರಾವಳಿಯೆದುರಿನ ದ್ವೀಪಗಳನ್ನೂ ಪೆರಿಪ್ಲಸ್ ಕರ್ತೃವು ಒಂದೊಂದಾಗಿ ಹೆಸರಿಸಿ, ಅಲ್ಲಿ ಕಳ್ಳರ ಕಾಟವುಂಟೆಂದು ಎಚ್ಚರಿಸಿದ್ದಾನೆ. ಅವುಗಳಲ್ಲಿ ‘ಬಿಳಿಯ ದ್ವೀಪ’ವೆಂಬುದನ್ನು ಭಟ್ಕಳದ ಕಡೆಯ ನೇತ್ರಾಣಿಯೆಂದು ಗುರುತಿಸಿದವರುಂಟು.

ಇನ್ನು ತಂದ ಸರಕು. ಚಿನ್ನ ಬೆಳ್ಳಿಯ ನಾಣ್ಯಗಳ ವಿಷಯವು ಪ್ರಸಿದ್ಧವಾಗಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ 163 ರೋಮಕ ಬೆಳ್ಳಿನಾಣ್ಯಗಳು ದೊರೆತವು. ಮದ್ಯದ ವಿಷಯವು ಅಷ್ಟು ಪ್ರಸಿದ್ಧವಲ್ಲ. ಪೆರಿಪ್ಲಸ್ಸಿನಲ್ಲಿ ಭರುಕಚ್ಛಕ್ಕೆ ಇಟಲಿಯ, ಲಾವೊಡಿಕೆಯ ಮತ್ತು ಅರೇಬಿಯದ ದ್ರಾಕ್ಷಾಮದ್ಯಗಳೂ, ಮುಸಿರಿಗೆ ಸ್ವಲ್ಪ ಮಾತ್ರ ಮದ್ಯವೂ ಬರುತ್ತಿದ್ದುವೆಂದಿದೆ. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ 1945ರಲ್ಲಿ ವ್ಹೀಲರ್ ಸಾಹೇಬರು ಅಗೆಸಿದಾಗ ಮದ್ಯ ತುಂಬುತ್ತಿದ್ದ ಚೂಪುತಳದ ಕೊಡಗಳ ಚೂರುಗಳು ಹೇರಳವಾಗಿ ಸಿಕ್ಕಿದುವು. ಒಡೆದ ಬೋಕಿಯು ತನ್ನ ಊರನ್ನು ಹೇಳುವುದು ಹೇಗೆ? ಈಜಿಯನ್ ಸಮುದ್ರದಲ್ಲಿ ಕಾಸ್ ಎಂಬ ದ್ವೀಪವಿದೆ. ವೈದ್ಯಪಿತಾಮಹನಾದ ಹಿಪ್ಪಾಕ್ರಟೀಸನ ಜನ್ಮಭೂಮಿಯದು. ಅಲ್ಲಿನ ಕುಂಬಾರರು ಕೊಡದ ಹಿಡಿಯನ್ನು ಎರಡು ಎಳೆ ಜೋಡಿಸಿ ಮಾಡುತ್ತಿದ್ದರು. ಆ ಜೋಡಿಹಿಡಿಯೇ ಗುರುತು. ಆ ದ್ವೀಪದ ಮದ್ಯಕ್ಕೆ ಸಮುದ್ರದ ನೀರನ್ನು ಬೆರೆಸುವ ಪದ್ಧತಿಯಿದ್ದಿತು. ಅದು ಎಷ್ಟು ಹೆಸರಾಯಿತೆಂದರೆ, ಇಟಲಿಯವರು ಆ ಮದ್ಯವನ್ನೂ ಆ ಕೊಡವನ್ನೂ ಅನುಕರಿಸಿ ಮಾರಲಾರಂಭಿಸಿದರು. ಆದಕಾರಣ ಅರಿಕಮೇಡಿನ ಜೋಡಿಹಿಡಿಗಳೆಲ್ಲವೂ ಕಾಸ್ ದ್ವೀಪದವೆನ್ನಲಾಗದು. ಕಲಬೆರಕೆಯೂ ನಕಲೂ ಈಚಿನ ಕಾಲದ ಸೃಷ್ಟಿಯೆಂದು ಹಲುಬುವವರು ಇದನ್ನು ಗಮನಿಸಬಹುದು.

ಈ ಪರದೇಶದ ಪೇಯಕ್ಕೆ ನಮ್ಮವರಲ್ಲಿ ಹೆಸರಿದ್ದಿತೆ? ಇದ್ದಿತು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕಂಡುಹಿಡಿದು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವಿದೆ. ಪಾನಗೃಹಗಳಲ್ಲಿ ಮಂಚ, ಪೀಠ, ಗಂಧ, ಪುಷ್ಪ, ನೀರುಗಳಿರಬೇಕೆಂದೂ, ಅಲ್ಲಿ ಬಂದ ಅಪರಿಚಿತರ ಖರ್ಚನ್ನು ಗೂಢಚಾರರು ಗಮನಿಸಬೇಕೆಂದೂ ವಿಧಿ. ಅಲ್ಲಿಯೇ ‘ಮಧು’ವೆಂದರೆ ದ್ರಾಕ್ಷಾರಸವೆಂದು ಲಕ್ಷಣ ಹೇಳಿ, ಕಾಪಿಶಾಯನ, ಹಾರಹೂರಕವೆಂದು ದೇಶಭೇದದಿಂದ ಅದಕ್ಕೆ ಹೆಸರುಗಳನ್ನು ಕೊಟ್ಟಿದೆ. ಜೇನುತುಪ್ಪವೆಂಬ ಅರ್ಥವೊಂದನ್ನೇ ಬಲ್ಲವರು ಇದನ್ನು ನೆನಪಿನಲ್ಲಿಡಬೇಕು. ಏಕೆಂದರೆ ಮುಂದಣ ವಿವಾದಕ್ಕೆ ಈ ಶಬ್ದವೇ ಮೂಲ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಮರಳಿನಡಿಯಿಂದ ದೊರೆತು, 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಪಂಡಿತರಿಂದ ಪ್ರಕಟಿಸಲ್ಪಟ್ಟ ಗ್ರೀಕ್ ಪ್ರಹಸನವೊಂದುಂಟು. ಪ್ರತಿಯ ಕಾಲ ಸುಮಾರು ಕ್ರಿ.ಶ. 2ನೆಯ ಶತಮಾನ. ಖಾರಿಟಿಯಾನ್ ಎಂಬ ಯವನ ಕನ್ಯೆಯು ಭಾರತದ ಕಡಲತೀರದಲ್ಲಿ ಒಬ್ಬ ರಾಜನ ವಶದಲ್ಲಿರುವಳು. ಅವಳ ಅಣ್ಣನು ಹಡಗಿನಲ್ಲಿ ಬಂದು, ರಾಜನಿಗೂ ಪರಿವಾರಕ್ಕೂ ದ್ರಾಕ್ಷಾಮದ್ಯವನ್ನು ಕುಡಿಸಿ, ಅಮಲೇರಿದ ರಾಜನನ್ನು ಕಟ್ಟಿಹಾಕಿಸಿ ತಂಗಿಯನ್ನು ಬಿಡಿಸಿಕೊಂಡು ಹೋಗುವನು. ಈ ಸೀಮೆಯಲ್ಲಿ ಮದ್ಯವು ಮಾರಾಟಕ್ಕಿಲ್ಲ, ಆದುದರಿಂದ ಇವರು ಅನುಭವವಿಲ್ಲದೆ ನೀರು ಬೆರೆಸದೆಯೇ ಕುಡಿಯುವರೆಂದು ಒಂದು ಪಾತ್ರವು ಹೇಳುತ್ತದೆ. ವಿದೂಷಕನು ದೇವಿಯ ಕಾಣಿಕೆಗಳನ್ನು ಕದಿಯೋಣವೆಂದಾಗ ಖಾರಿಟಿಯಾನಳು ಒಪ್ಪುವುದಿಲ್ಲ; ನಗೆನಾಟಕದಲ್ಲಿ ಮಾನವಾಗಿ ಮಾತನಾಡುವವಳು ಅವಳೊಬ್ಬಳೇ.

ರಾಜನೂ ಪರಿವಾರದವರೂ ಆಡುವ ಮಾತುಗಳು ಗ್ರೀಕ್ ಅಲ್ಲ. ಅವು ಕನ್ನಡವೆಂದು 1904ರಲ್ಲಿ ಶಾಸನಜ್ಞರಾದ ಹುಲ್ಷ್ ಸಾಹೇಬರು ಹೇಳಿದರು. ಶಾಮಶಾಸ್ತ್ರಿಗಳು ಬೇರೆ ಬಗೆಯಲ್ಲಿ ಪದಚ್ಛೇದ ಮಾಡಿ ಅದನ್ನೇ ಸಮರ್ಥಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಮಲ್ಪೆಯ ಕಡೆಗೆ ಕೈದೋರಿದರು. 1926ರಲ್ಲಿ ಬಾರ್ನೆಟ್ ಪಂಡಿತರು ಇದೆಲ್ಲವೂ ನಿಲ್ಲದೆಂದರು. ಮುಂದೆ ಅದು ತುಳುವೆಂದವರೂ ಬಂದರು.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಪಾತ್ರೆಯನ್ನು ಸೂಚಿಸುವಂತಿರುವ ‘ಪೆತ್ರೆಕಿಯೊ’ ಎಂಬುದರಲ್ಲಿ ಚತುರ್ಥೀ ವಿಭಕ್ತಿಯ ನೆರಳಿದೆ. ‘ಪಕ್ತೇಯಿ’ ಎಂಬುದನ್ನು ಹುಲ್ಷರು ‘ಹಾಕಿ’ ಎಂದು ಓದಿದರು. ನಮ್ಮ ಹಳಗನ್ನಡದ ‘ಪಾಯ್ಕು’ ಧಾತುವು ಪಕಾರಾದಿಯೇ ಆದುದರಿಂದ ಅದೂ ಸೇರಬಹುದು. ಆದರೆ ಮುಖ್ಯವಾದ ‘ಮಧು’ವೇ ಮೂಲದಲ್ಲಿಲ್ಲ, ಇರುವುದು ‘ದಮುನ್’ ಎಂಬಂಥ ಅಕ್ಷರಗಳು. ಅವನ್ನು ತಿರುವುಮುರುವು ಮಾಡಿದರಲ್ಲದೆ ಮಧುವು ದೊರೆಯದು. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450, ಅದಕ್ಕಿಂತ ಮುನ್ನೂರು ವರ್ಷ ಹಿಂದಣ ಕನ್ನಡ ವಾಕ್ಯವನ್ನು ಅಕ್ಷರವ್ಯತ್ಯಾಸದ ಬಲದಿಂದ ಸ್ಥಾಪಿಸಹೊರಟರೆ, ಅಂಥ ಸಾಧನೆಯನ್ನು ವ್ಯಾಕರಣದ ವಿದ್ಯಾರ್ಥಿಯಲ್ಲಿಯೂ ನಾವು ಮನ್ನಿಸುತ್ತಿರಲಿಲ್ಲ. ಅಭಿಮಾನಿಗಳು ಮುನಿಯಬಾರದು. ನಾವಿಕರ ಬಾಯಿಂದ ಕೇಳಿದ ದಕ್ಷಿಣದೇಶದ ನುಡಿಯ ಚೂರುಗಳನ್ನು ಪ್ರೇಕ್ಷಕರ ನಗೆಗಾಗಿ ಕಲಸಿರಬಹುದು. ಅದರಲ್ಲಿ ಕನ್ನಡದ ಚೂರೂ ಇರಬಹುದು. ಇದಕ್ಕಿಂತ ಮುಂದೆ ಹೋಗಲು ಪ್ರಮಾಣವಿಲ್ಲ.

ಪ್ರಮಾಣವು ಬೇಕಾದವರು ಮಾತನ್ನು ಬಿಟ್ಟು ಮಣ್ಣನ್ನು ನೋಡಬೇಕು. ಯವನರ ಹಡಗುಗಳು ಹೊರಡುತ್ತಿದ್ದ ಕೆಂಪು ಸಮುದ್ರದ ಬೆರೆನೀಕೆ ರೇವಿನ ಅಗೆತದಲ್ಲಿ, ದೇವಾಲಯದ ಅಂಗಳದಲ್ಲಿ ಹೂತಿದ್ದ ಭಾರತದ ಗುಡಾಣವೊಂದು 1999ರಲ್ಲಿ ದೊರೆಯಿತು. ಅದರಲ್ಲಿ ಸುಮಾರು ಏಳೂವರೆ ಕಿಲೋ ಕರಿಮೆಣಸು, ಸಹ್ಯಾದ್ರಿಯ ತಪ್ಪಲಿನ ಬೆಳೆ, ಕಾಳು ಕಾಳಾಗಿಯೇ ಉಳಿದಿದ್ದಿತು.